ಹಳೇ ಕಾರು ರಿಪೇರಿಗೋ, ಗುಜರಿಗೋ? ಕರಾವಳಿಯವರ ಲೆಕ್ಕ ಬೇರೆ

"ಅಕ್ಕೋರೇ, ಈ ಗಾಡಿ ಮಾರಿದ್ರೆ ಸಿಗುದೇ 70 ಸಾವಿರ. ಅದ್ಕೆ 60 ಸಾವಿರ ಖರ್ಚು ಮಾಡ್ತ್ರಾ?"

ಕುಮಟಾದ ಗ್ಯಾರೇಜಿನಲ್ಲಿ ಮೇಸ್ತ್ರಿ ಹೀಗೆ ಕೇಳಿದಾಗ ನಾನು ಪೆಚ್ಚಾಗಿ ನಿಂತೆ. ಅವರ ಮಗ ನನ್ನ ಶಾಲೆಯಲ್ಲೇ ಓದಿದವನು, ನನಗೆ ಟೋಪಿ ಹಾಕುವ ಮನುಷ್ಯ ಅಲ್ಲ. ನನ್ನ 2011ರ ಆಲ್ಟೊ ಪಿಟ್ ಮೇಲೆ ಬಾನೆಟ್ ತೆರೆದುಕೊಂಡು ನಿಂತಿತ್ತು. ಅವರು ಖರ್ಚಿನ ಪಟ್ಟಿ ಬರೆದುಕೊಟ್ಟ ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಮನೆಗೆ ಬಂದೆ. ರಾತ್ರಿ ಅದೇ ಚೀಟಿಯ ಹಿಂದೆ ಲೆಕ್ಕ ಬರೆಯುತ್ತಾ ಹೋದಾಗ ಗೊತ್ತಾಯಿತು, ಅವರು ಹೇಳಿದ ಅಂಕಿ ಸರಿ, ಆದರೆ ಹೋಲಿಸಿದ ರೀತಿ ಸರಿಯಿಲ್ಲ.

ನಾನು ಗಾಡಿ ಮಾರುವುದಕ್ಕೆ ರಿಪೇರಿ ಮಾಡಿಸುತ್ತಿಲ್ಲವಲ್ಲ, ಓಡಿಸುವುದಕ್ಕೆ. ಹಾಗಾಗಿ ರಿಪೇರಿ ಖರ್ಚನ್ನು ಇಡಬೇಕಾದ್ದು ಗಾಡಿಯ ಬೆಲೆಯ ಪಕ್ಕ ಅಲ್ಲ, ಇದನ್ನು ಬಿಟ್ಟರೆ ಇನ್ನೊಂದು ಗಾಡಿಗೆ ಎಷ್ಟು ಬೀಳುತ್ತದೋ ಅದರ ಪಕ್ಕ. ಹಾಗೆ ನೋಡಿದರೆ ಒಂದೇ ಪ್ರಶ್ನೆ ಉಳಿಯುತ್ತದೆ: ಈ ದುಡ್ಡು ಹಾಕಿದ ಮೇಲೆ ಗಾಡಿ ಇನ್ನೆಷ್ಟು ವರ್ಷ ಓಡುತ್ತದೆ? ನಮ್ಮ ಕಡೆ ಇದಕ್ಕೆ ಉತ್ತರ ಇಂಜಿನ್ನಿನಲ್ಲಿ ಸಿಗುವುದಿಲ್ಲ. ಗಾಡಿಯ ಹೊಟ್ಟೆಯ ಕೆಳಗೆ ಸಿಗುತ್ತದೆ.

ಮೊದಲು ಕೆಳಗೆ ಬಗ್ಗಿ ನೋಡಿ

ಹೋದ ವರ್ಷ ಕಾರವಾರದಲ್ಲಿ ಮೈದುನನ ಕಾರನ್ನು ಪಿಟ್ ಮೇಲೆ ಹತ್ತಿಸಿದಾಗ ನಾನೂ ಜೊತೆಗಿದ್ದೆ. 2014ರ ಡೀಸೆಲ್ ಗಾಡಿ, ನನ್ನ ಆಲ್ಟೊಗಿಂತ ಮೂರು ವರ್ಷ ಚಿಕ್ಕದು. ಇಂಜಿನ್ ಅಂದರೆ ಚಿನ್ನ, ಒಂದು ಚೂರು ಹೊಗೆ ಇಲ್ಲ. ಮನೆ ಕೋಡಿಬಾಗದಲ್ಲಿ, ಸಮುದ್ರಕ್ಕೆ ಹತ್ತಿರ, ಗಾಡಿ ನಿಲ್ಲುವುದು ಬಯಲಿನಲ್ಲಿ. ಕ್ಲಚ್ ಹಾಕಿಸೋಣ ಅಂತ ಹೋಗಿದ್ದೆವು. ಅಲ್ಲಿನ ಹುಡುಗ ಕೆಳಗಿಳಿದು ಸ್ಕ್ರೂಡ್ರೈವರ್ ತೆಗೆದುಕೊಂಡು ಡ್ರೈವರ್ ಸೀಟಿನ ಕೆಳಗಿನ ತಗಡನ್ನು ಸುಮ್ನೆ ಒಮ್ಮೆ ಒತ್ತಿದ. ಹಪ್ಪಳ ಮುರಿದ ಹಾಗೆ ಸದ್ದಾಯಿತು. ಸ್ಕ್ರೂಡ್ರೈವರ್ ಹಿಡಿಯವರೆಗೆ ಒಳಗೆ ಹೋಯಿತು. ಕಂದು ಬಣ್ಣದ ಚಕ್ಕೆಗಳು ಅವನ ಮುಖದ ಮೇಲೆ ಉದುರಿದವು. ಆಮೇಲೆ ಮೇಲಿಂದ ಕಾರ್ಪೆಟ್ ಎತ್ತಿ ನೋಡಿದರೆ, ಆ ತೂತಿನಲ್ಲಿ ಪಿಟ್‌ನ ಬಲ್ಬಿನ ಬೆಳಕು ಕಾಣುತ್ತಿತ್ತು. ಮೈದುನ ಏನೂ ಮಾತಾಡಲಿಲ್ಲ. ಆ ಗಾಡಿಯಲ್ಲಿ ಅವನು ದಿನಾ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುತ್ತಿದ್ದ.

ಅದೇ ಶಿರಸಿ ಕಡೆ, ಅಪ್ಪಯ್ಯನ ಹತ್ತಿರ 2004ರ ಓಮ್ನಿ ಇದೆ. ಅಡಿಕೆ ಚೀಲ, ಗೊಬ್ಬರ, ಮದುವೆ ಮನೆಯ ಪಾತ್ರೆ, ಒಮ್ಮೆ ಒಂದು ಕರು, ಎಲ್ಲವನ್ನೂ ಹೊತ್ತಿದೆ. ಬಾಗಿಲಿನ ಕೆಳ ಅಂಚು ತುಕ್ಕು ಹಿಡಿದಿದೆ, ಜಾರುವ ಬಾಗಿಲನ್ನು ತೆಗೆಯಲು ಒಂದು ವಿಶೇಷ ಪಟ್ಟು ಬೇಕು. ಆದರೆ ಕೆಳಗಿನ ಚಾಸಿ ಗಟ್ಟಿ. ಹಗಲು ಎಲ್ಲಿಗೇ ಹೋದರೂ ರಾತ್ರಿ ಕೊಟ್ಟಿಗೆ ಪಕ್ಕದ ಶೀಟಿನ ಮಾಡಿನ ಕೆಳಗೆ ಒಣಗಿಕೊಂಡು ನಿಲ್ಲುತ್ತದೆ. ಘಟ್ಟದ ಮೇಲೂ ಮಳೆ ಕಡಿಮೆ ಏನಲ್ಲ, ಆದರೆ ಅಲ್ಲಿನ ಗಾಳಿಯಲ್ಲಿ ಉಪ್ಪಿಲ್ಲ. ಅಪ್ಪಯ್ಯನನ್ನು ಕೇಳಿದರೆ "ಎಂತಕ್ಕೆ ಮಾರವು? ಓಡ್ತಾ ಇದ್ದಲಾ" ಅಂತಾರೆ. ಅವರ ಮಟ್ಟಿಗೆ ಅದು ಸರಿಯಾದ ಲೆಕ್ಕವೇ.

ಹತ್ತು ವರ್ಷ ಚಿಕ್ಕ ಗಾಡಿ ಗುಜರಿಗೆ ಹೋಯಿತು, ದೊಡ್ಡದು ಇನ್ನೂ ಅಡಿಕೆ ಹೊರುತ್ತಿದೆ. ಬೆಂಗಳೂರಿನವರು "ಎಷ್ಟು ಕಿಲೋಮೀಟರ್ ಓಡಿದೆ" ಅಂತ ಮೊದಲು ಕೇಳುತ್ತಾರೆ. ನಾವು ಮೊದಲು ಕೇಳಬೇಕಾದ್ದು "ರಾತ್ರಿ ಎಲ್ಲಿ ನಿಲ್ಲುತ್ತಿತ್ತು" ಅಂತ.

ತುಕ್ಕಿಗೆ ಉಪ್ಪುಗಾಳಿ ಒಂದೇ ಕಾರಣ ಅಲ್ಲ. ನಮ್ಮ ಕೆಂಪು ಮಣ್ಣು ಮಳೆಗಾಲದಲ್ಲಿ ಚಕ್ರದ ಮೇಲಿನ ಗೂಡುಗಳಲ್ಲಿ, ಫುಟ್‌ಬೋರ್ಡಿನ ಒಳಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ನೀರು ಹರಿದು ಹೋಗಲು ಅಂತ ಕಂಪನಿಯವರು ಬಿಟ್ಟ ಸಣ್ಣ ತೂತುಗಳು ಮುಚ್ಚಿಹೋಗುತ್ತವೆ. ಹೊರಗೆ ಬಿಸಿಲಿದ್ದರೂ ಒಳಗಿನ ಮಣ್ಣು ಒದ್ದೆ ಗೋಣಿಚೀಲದ ಹಾಗೆ ತಗಡಿಗೆ ಅಂಟಿಕೊಂಡೇ ಇರುತ್ತದೆ. ಕೊಳೆಯಲು ಅಷ್ಟು ಸಾಕು.

ಹಾಗಾಗಿ ಕ್ಲಚ್ಚಿನ ರೇಟು ಕೇಳುವ ಮೊದಲು ಗಾಡಿಯನ್ನು ಪಿಟ್ ಮೇಲೆ ಹತ್ತಿಸಿ. ಮೊಬೈಲಿನ ಟಾರ್ಚ್ ಹಾಕಿ ಕೆಳಗೆ ಪೂರ್ತಿ ವಿಡಿಯೊ ಮಾಡಿಕೊಳ್ಳಿ, ಮನೆಗೆ ಬಂದು ನಿಧಾನವಾಗಿ ನೋಡಬಹುದು. ಸ್ಕ್ರೂಡ್ರೈವರಿನ ಹಿಂಬದಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಬಣ್ಣ ಹೊಸದಾಗಿ ಕಂಡ ಜಾಗಕ್ಕೆ ಒಂದು ಸಣ್ಣ ಮ್ಯಾಗ್ನೆಟ್ ಹಿಡಿಯಿರಿ. ಅಂಟಲಿಲ್ಲ ಅಂದರೆ ಒಳಗೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. ಬಾಗಿಲಿನ ಕೆಳಭಾಗ, ಬಾನೆಟ್ಟಿನ ಅಂಚು, ಚಕ್ರದ ಮೇಲಿನ ಮಡ್‌ಗಾರ್ಡ್, ಇಲ್ಲೆಲ್ಲ ತುಕ್ಕು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಟಿಂಕರ್ ಹತ್ತಿರ ಕತ್ತರಿಸಿ ಬೇರೆ ತಗಡು ಹಾಕಿಸಬಹುದು, ಹಾಕಿಸದಿದ್ದರೂ ಪ್ರಾಣಕ್ಕೇನೂ ಆಗುವುದಿಲ್ಲ.

ಹೆದರಬೇಕಾದ್ದು ಬೇರೆ ಜಾಗಗಳಿಗೆ. ಬಾನೆಟ್ ಎತ್ತಿದಾಗ ಎರಡೂ ಪಕ್ಕ ಶಾಕಪ್‌ನ ತಲೆ ಬೋಲ್ಟು ಆಗಿರುವ ಗುಮ್ಮಟದಂಥ ಜಾಗ. ಕೆಳಗೆ ಲೋವರ್ ಆರ್ಮ್ ಹಿಡಿದುಕೊಂಡಿರುವ ಕ್ರಾಸ್ ಮೆಂಬರ್. ಹಿಂದಿನ ಆಕ್ಸಲ್ ಚಾಸಿಗೆ ಸೇರುವ ಕಡೆ. ಸೀಟ್ ಬೆಲ್ಟ್ ಬೋಲ್ಟು ಹಾಕಿದ ಕಡೆ. ಜಾಕ್ ಕೊಡುವ ಜಾಗ. ಈ ಐದರಲ್ಲಿ ಯಾವುದಾದರೂ ಒಂದು ಪುಡಿಯಾಗುತ್ತಿದ್ದರೆ ಅಲ್ಲಿಗೆ ಮಾತು ಮುಗಿಯಿತು, ಮೇಲಿನ ಇಂಜಿನ್ ಎಷ್ಟೇ ಚೆನ್ನಾಗಿರಲಿ. "ವೆಲ್ಡಿಂಗ್ ಮಾಡಿ ಪಟ್ಟಿ ಕೊಡ್ತೇನೆ" ಅನ್ನುವವರು ಸಿಗುತ್ತಾರೆ. ಆದರೆ ಪಟ್ಟಿಯನ್ನು ಬೆಸೆಯಲು ಸುತ್ತ ಗಟ್ಟಿ ತಗಡಾದರೂ ಬೇಕಲ್ಲ, ಕೊಳೆತ ಬಟ್ಟೆಗೆ ತೇಪೆ ಹಾಕಿದರೆ ಹೊಲಿಗೆ ಎಲ್ಲಿ ನಿಲ್ಲುತ್ತದೆ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲಕ್ಕೆ ಮೊದಲು ಗಾಡಿಯ ಕೆಳಗೆ ಹಳೇ ಇಂಜಿನ್ ಆಯಿಲ್ ಸ್ಪ್ರೇ ಮಾಡಿಸುವ ಅಭ್ಯಾಸ ನಮ್ಮ ಕಡೆ ಇದೆ. ತುಕ್ಕು ಸ್ವಲ್ಪ ತಡೆಯುತ್ತದೆ ನಿಜ, ಆದರೆ ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ಬ್ರೇಕಿಗೆ ತಾಗಿದರೆ ಇನ್ನೂ ಕಷ್ಟ, ಅಂಗಳವೂ ಗಲೀಜು. ಮಣ್ಣೆಲ್ಲ ತೊಳೆದು, ಪೂರ್ತಿ ಒಣಗಿಸಿ, ಅಂಡರ್ ಕೋಟಿಂಗ್ ಮಾಡಿಸಿ. ಒದ್ದೆ ತಗಡಿನ ಮೇಲೆ ಕೋಟಿಂಗ್ ಹೊಡೆದರೆ ನೀರನ್ನು ಒಳಗೆ ಕೂಡಿ ಹಾಕಿ ಬೀಗ ಹಾಕಿದ ಹಾಗೆ.

ಆಮೇಲೆ ದೇವಿಮನೆ ಘಟ್ಟ ಹತ್ತಿಸಿ

ಬಾಡಿ ಪಾಸಾದರೆ ಮಾತ್ರ ಇಂಜಿನ್ ನೋಡಬೇಕು. ಅದಕ್ಕೆ ನಮಗೆ ದೇವರು ಕೊಟ್ಟ ಟೆಸ್ಟಿಂಗ್ ಮಷಿನ್ ಇದೆ. ಕುಮಟಾದವರಿಗೆ ದೇವಿಮನೆ, ಅಂಕೋಲೆಯವರಿಗೆ ಅರಬೈಲು, ಕಾರವಾರದವರಿಗೆ ಅಣಶಿ, ಹೊನ್ನಾವರದವರಿಗೆ ಗೇರುಸೊಪ್ಪೆ. ಊರೊಳಗೆ ಎರಡು ಸುತ್ತು ಹಾಕಿ "ಗಾಡಿ ಅಡ್ಡಿಲ್ಲ" ಅನ್ನಬೇಡಿ. ಸಪಾಟು ರಸ್ತೆಯಲ್ಲಿ ಎಲ್ಲ ಗಾಡಿಯೂ ಅಡ್ಡಿಲ್ಲ.

ಮೂರು ಜನ ಕೂತು ಘಟ್ಟ ಹತ್ತಿಸಿ. ಇಂಜಿನ್ನಿನ ಸದ್ದು ಏರುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ ಅಂದರೆ ಕ್ಲಚ್ ಹೋಗಿದೆ. ಅದು ಸಣ್ಣ ವಿಷಯ. ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೇರಿದರೆ ಗಾಡಿ ನಿಲ್ಲಿಸಿ. ರೇಡಿಯೇಟರ್ ಕಟ್ಟಿದ್ದರೆ, ಫ್ಯಾನ್ ತಿರುಗದಿದ್ದರೆ, ವಾಟರ್ ಪಂಪ್ ಸೋತಿದ್ದರೆ ಅದೂ ದೊಡ್ಡದಲ್ಲ. ಆದರೆ ಕೂಲೆಂಟ್ ಎಲ್ಲೂ ಸೋರದೆ ಕಡಿಮೆಯಾಗುತ್ತಿದೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಇಂಜಿನ್ ಬಿಚ್ಚಲೇಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ನಿಮಿಷ ಬರುವ ಬಿಳಿ ಹೊಗೆ ಬರೀ ಆವಿ, ಅದಕ್ಕೆ ಹೆದರಬೇಡಿ.

ಇಳಿಯುವಾಗ ಇನ್ನೊಂದು ಪರೀಕ್ಷೆ. ಎರಡನೇ ಗೇರಿನಲ್ಲಿ, ಆಕ್ಸಿಲೇಟರ್ ಬಿಟ್ಟು, ಉದ್ದಕ್ಕೆ ಇಳಿಸಿಕೊಂಡು ಬನ್ನಿ. ಸಪಾಟು ಸಿಕ್ಕ ಕೂಡಲೇ ಒಮ್ಮೆ ಜೋರಾಗಿ ಆಕ್ಸಿಲೇಟರ್ ಕೊಟ್ಟು ಕನ್ನಡಿಯಲ್ಲಿ ಹಿಂದೆ ನೋಡಿ. ನೀಲಿ ಹೊಗೆ ಬುಸ್ ಅಂತ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಒಮ್ಮೆ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್, ಅದನ್ನು ಕಡಿಮೆ ಖರ್ಚಿನಲ್ಲಿ ಮುಗಿಸಬಹುದು. ಹತ್ತುವಾಗಲೂ ಇಳಿಯುವಾಗಲೂ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗ್, ಅಂದರೆ ಇಂಜಿನ್ ಬಿಚ್ಚಿ ಮಾಡುವ ಬೋರ್ ಕೆಲಸ. ಖಾತ್ರಿ ಬೇಕಾದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಪೂರ್ತಿ ಇಂಜಿನ್ ಬಿಚ್ಚುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ಆಯಿಲ್ ಜೊತೆ ನೀರು ಸೇರಿದೆ. ಹಾಗಂತ ಕೂಡಲೇ ಗಾಬರಿ ಬೇಡ, ಮಳೆಗಾಲದಲ್ಲಿ ದಿನಾ ಎರಡೇ ಕಿಲೋಮೀಟರ್ ಓಡುವ ಗಾಡಿಯಲ್ಲಿ ತೇವಕ್ಕೂ ಹಾಗಾಗುತ್ತದೆ. ಒಮ್ಮೆ ಒರೆಸಿ, ಶಿರಸಿಗೆ ಹೋಗಿ ಬಂದು, ಮತ್ತೆ ನೋಡಿ.

ಯಾವುದಕ್ಕೆ ದುಡ್ಡು ಹಾಕಬಹುದು

ಕ್ಲಚ್, ಶಾಕಪ್, ಬುಷ್, ಬ್ರೇಕ್, ರೇಡಿಯೇಟರ್, ಸೈಲೆನ್ಸರ್, ಬ್ಯಾಟರಿ, ಟಯರ್. ಇವೆಲ್ಲ ಸವೆಯುವುದಕ್ಕೇ ಇರುವ ಸಾಮಾನುಗಳು. ಇವನ್ನು ಬದಲಾಯಿಸುವುದು ರಿಪೇರಿಗಿಂತ ಹೆಚ್ಚಾಗಿ ಬಾಕಿ ತೀರಿಸಿದ ಹಾಗೆ, ನಾಳೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡರೂ ಇವೇ ಖರ್ಚು ಅಲ್ಲಿಯೂ ಕಾದಿರುತ್ತವೆ. ಹಳೇ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್, ಟರ್ಬೊ ಎರಡೂ ಒಟ್ಟಿಗೆ ಕೇಳಿದರೆ ನಾನಾಗಿದ್ದರೆ ಹಾಕುವುದಿಲ್ಲ. ನೆರೆ ನೀರಿನಲ್ಲಿ ಮುಳುಗಿದ ಗಾಡಿಗೂ ಇಲ್ಲ. ವೈರಿಂಗ್ ಒಳಗೆ ನೀರು ಹೊಕ್ಕರೆ ಒಂದು ವರ್ಷ ಕಳೆದ ಮೇಲೂ ಒಂದೊಂದೇ ಕೈಕೊಡುತ್ತಾ ಹೋಗುತ್ತದೆ. ಇಲಿ ಕಡಿದ ವೈರು ಬೇರೆ ವಿಷಯ, ನಮ್ಮ ಕಡೆ ಅದು ಆಗದ ಮನೆಯೇ ಇಲ್ಲ, ಜೋಡಿಸಿಕೊಂಡು ಓಡಿಸಿ.

ಬಿಡಿಭಾಗ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಮಾರುತಿ 800 ನಿಂತದ್ದು 2014ರಲ್ಲಿ, ಓಮ್ನಿ 2019ರಲ್ಲಿ, ಆದರೂ ಇವಕ್ಕೆ ಸಾಮಾನು ಸಣ್ಣ ಊರಿನಲ್ಲೂ ಸಿಗುತ್ತದೆ, ಕೈಯಾಡಿಸಿ ಗೊತ್ತಿರುವ ಮೇಸ್ತ್ರಿಗಳೂ ಇದ್ದಾರೆ. ಷೆವರ್ಲೆ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಫೋರ್ಡ್ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಹೇಳಿತು. ಅಂಥ ಗಾಡಿ ಕೆಟ್ಟದ್ದು ಅಂತ ಅಲ್ಲ. ಆದರೆ ಒಂದು ಹೆಡ್‌ಲೈಟ್ ಒಡೆದರೆ ಹುಬ್ಬಳ್ಳಿಗೆ ಫೋನ್ ಮಾಡಿ, ಹದಿನೈದು ದಿನ ಕಾದು, ಬಸ್ಸಿನಲ್ಲಿ ಶಾಲೆಗೆ ಹೋಗುವ ತಾಳ್ಮೆ ನಿಮಗಿದೆಯಾ ನೋಡಿಕೊಳ್ಳಿ. ನನಗಿಲ್ಲ.

ಪೆಟ್ರೋಲ್ ಗಾಡಿಯವರಿಗೆ ಇನ್ನೊಂದು. ಈಗ ಬಂಕುಗಳಲ್ಲಿ ಬರುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಹಿಂದಿನ ಹೆಚ್ಚಿನ ಗಾಡಿಗಳನ್ನು ಅದಕ್ಕಂತಲೇ ಮಾಡಿದ್ದಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಳೇ ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಡಬೇಕು, ಬಿರುಕು ಕಂಡರೆ ಬದಲಾಯಿಸಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಿಡುವುದು ಒಳ್ಳೇದಲ್ಲ.

ನನ್ನ ಚೀಟಿಯ ಹಿಂದಿನ ಲೆಕ್ಕ

ಮೇಸ್ತ್ರಿ ಬರೆದುಕೊಟ್ಟದ್ದು ಇದು. ಕ್ಲಚ್ ಸೆಟ್ ಕೂಲಿ ಸೇರಿ 7,500. ಮುಂದಿನ ಶಾಕಪ್, ಲೋವರ್ ಆರ್ಮ್, ಬುಷ್ 9,500. ರೇಡಿಯೇಟರ್, ಪೈಪು 5,000. ಸೈಲೆನ್ಸರ್ 4,000. ಎರಡೂ ಫುಟ್‌ಬೋರ್ಡ್ ಟಿಂಕರಿಂಗ್, ಬಣ್ಣ 14,000. ನಾಲ್ಕು ಟಯರ್ 13,000. ಒಟ್ಟು 53,000. ಇದರ ಮೇಲೆ ಆರ್‌ಸಿ (ಗಾಡಿಯ ನೋಂದಣಿ ಪತ್ರ) ರಿನ್ಯೂವಲ್, ಹಳೇ ಗಾಡಿಗೆ ಬೀಳುವ ಗ್ರೀನ್ ಟ್ಯಾಕ್ಸ್, ಓಡಾಟ ಅಂತ 7,000 ಅವರೇ ಸೇರಿಸಿ ಹೇಳಿದ್ದರು. ಹೀಗೆ 60 ಸಾವಿರ.

ನಾಲ್ಕು ವರ್ಷ ಓಡಿಸುತ್ತೇನೆ ಅಂದುಕೊಳ್ಳಿ. ಇವತ್ತು ಮಾರಿದ್ದರೆ ಸಿಗುತ್ತಿದ್ದ 70 ಸಾವಿರವನ್ನೂ ಖರ್ಚು ಅಂತಲೇ ಬರೆದೆ, ಅದನ್ನು ಬಿಟ್ಟರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ರಿಪೇರಿ 60 ಸಾವಿರ, ವರ್ಷಕ್ಕೆ 12 ಸಾವಿರದಂತೆ ಸರ್ವಿಸು ಮತ್ತೊಂದು 48 ಸಾವಿರ, ಥರ್ಡ್ ಪಾರ್ಟಿ ಇನ್ಶೂರೆನ್ಸ್ 10 ಸಾವಿರ. ಕೊನೆಗೆ ಗುಜರಿಯಲ್ಲಿ 20 ಸಾವಿರ ವಾಪಸ್ಸು. ಲೆಕ್ಕ ಕೂಡಿಸಿದರೆ 1,68,000, ತಿಂಗಳಿಗೆ 3,500.

ಮೂರೂವರೆ ಲಕ್ಷದ ಸೆಕೆಂಡ್ ಹ್ಯಾಂಡ್ ಕೊಂಡರೆ? ತಂದ ಕೂಡಲೇ ಟಯರು, ಬ್ಯಾಟರಿ, ಸರ್ವಿಸು 20 ಸಾವಿರ. ನಾಲ್ಕು ವರ್ಷದ ಸರ್ವಿಸು 40, ಫುಲ್ ಇನ್ಶೂರೆನ್ಸ್ 32. ಮಾರುವಾಗ 1,80,000 ಬಂತು ಅಂತ ಇಟ್ಟುಕೊಳ್ಳೋಣ. ಕೈಬಿಟ್ಟದ್ದು 2,62,000, ತಿಂಗಳಿಗೆ ಸುಮಾರು 5,450. ಆರು ಲಕ್ಷದ ಹೊಸ ಕಾರಿಗೆ 9 ಶೇಕಡಾ ಬಡ್ಡಿಯಲ್ಲಿ ನಾಲ್ಕೂವರೆ ಲಕ್ಷ ಸಾಲ ತೆಗೆದರೆ ಐದು ವರ್ಷಕ್ಕೆ ಕಂತು 9,341. ಬೆಲೆ ಇಳಿದದ್ದು, ಬಡ್ಡಿ, ಇನ್ಶೂರೆನ್ಸ್ ಎಲ್ಲ ಸೇರಿಸಿ ನನಗೆ ಬಂದದ್ದು ತಿಂಗಳಿಗೆ 9 ಸಾವಿರದ ಮೇಲೆ. ಪೆಟ್ರೋಲ್ ಖರ್ಚನ್ನು ಎಲ್ಲೂ ಸೇರಿಸಿಲ್ಲ, ಅದು ಮೂರಕ್ಕೂ ಹೆಚ್ಚುಕಮ್ಮಿ ಒಂದೇ.

ಇಲ್ಲಿಯವರೆಗೆ ಹಳೇದೇ ಗೆದ್ದಿತು. ನಡುವೆ ಇನ್ನೊಂದು ದೊಡ್ಡ ರಿಪೇರಿ, 50 ಸಾವಿರದ್ದು, ಬಂದರೂ ತಿಂಗಳಿಗೆ 4,550 ದಾಟುವುದಿಲ್ಲ. ಆದರೆ ಅದೇ ಗಾಡಿ ಎರಡೇ ವರ್ಷಕ್ಕೆ ತುಕ್ಕು ತಿಂದು ಮುಗಿದರೆ? 70 ಮತ್ತು 60, ಎರಡು ವರ್ಷದ ಸರ್ವಿಸು 24, ಇನ್ಶೂರೆನ್ಸ್ 5, ಗುಜರಿಯಿಂದ 15 ವಾಪಸ್ಸು. 1,44,000 ಭಾಗಿಸು 24 ತಿಂಗಳು, 6,000. ಸೆಕೆಂಡ್ ಹ್ಯಾಂಡ್‌ಗಿಂತ ದುಬಾರಿ! ಖರ್ಚು ಅದೇ, ಗಾಡಿ ಅದೇ, ವರ್ಷ ಮಾತ್ರ ಕಡಿಮೆ. ಸ್ಕ್ರೂಡ್ರೈವರ್ ಪರೀಕ್ಷೆಗೆ ನಾನು ಅಷ್ಟು ಜಾಗ ಕೊಟ್ಟದ್ದು ಇದಕ್ಕೇ. ನಿಮ್ಮ ಅಂಕಿ ಬೇರೆ ಇರುತ್ತದೆ, ಇದೇ ರೀತಿ ಬರೆದು ನೋಡಿ, ಅರ್ಧ ಗಂಟೆಯ ಕೆಲಸ.

ದುಡ್ಡಿನ ಲೆಕ್ಕಕ್ಕೆ ಬಾರದ ಒಂದು ವಿಷಯ ಇದೆ. ನನ್ನ ಆಲ್ಟೊದಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. 2019ರ ಏಪ್ರಿಲ್ ನಂತರದ ಕಾರುಗಳಲ್ಲಿ ಎಬಿಎಸ್ ಕಡ್ಡಾಯ, ಮುಂದಿನ ಎರಡೂ ಏರ್‌ಬ್ಯಾಗ್ 2022ರಿಂದ ಬಂದ ಎಲ್ಲ ಹೊಸ ಕಾರಿನಲ್ಲೂ ಇರುತ್ತವೆ. ನಾನು ಊರೊಳಗೆ ಶಾಲೆಗೆ, ವಾರಕ್ಕೊಮ್ಮೆ ಘಟ್ಟದ ಮೇಲೆ ತವರಿಗೆ ಹೋಗುವವಳು, ನಲವತ್ತರ ಮೇಲೆ ಓಡಿಸುವುದೇ ಅಪರೂಪ. ಮೈದುನನ ಹಾಗೆ ದಿನಾ ಮಕ್ಕಳ ಜೊತೆ 66ನೇ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವುದಾಗಿದ್ದರೆ ತಿಂಗಳಿಗೆ ಎರಡು ಸಾವಿರ ಜಾಸ್ತಿ ಹೋದರೂ ಹೋಗಲಿ ಅನ್ನುತ್ತಿದ್ದೆ.

ಕಾಗದದ ಕೆಲಸ

15 ವರ್ಷ ಆದ ಕೂಡಲೇ ಗಾಡಿ ಗುಜರಿಗೆ ಹೋಗಲೇಬೇಕು ಅಂತ ನಂಬಿಕೊಂಡವರು ನಮ್ಮ ಸ್ಟಾಫ್ ರೂಮಿನಲ್ಲೇ ನಾಲ್ಕು ಜನ ಇದ್ದಾರೆ. ಹಾಗೇನಿಲ್ಲ. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಅನ್ನುವ ಮಾತು ದಿಲ್ಲಿ ಸುತ್ತಮುತ್ತಲಿನದು. ನಮ್ಮಲ್ಲಿ ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಗಾಡಿ ಆರ್‌ಟಿಒ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷ ಮುಂದುವರಿಸಿಕೊಡುತ್ತಾರೆ. ಕೆಎ 30 ಆದರೆ ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ.

ಮೊದಲು 600 ಇದ್ದ ಕಾರಿನ ರಿನ್ಯೂವಲ್ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದ್ದಾರೆ. ಅಪ್ಪಯ್ಯ 2024ರಲ್ಲಿ ಎರಡನೇ ಸಲ ಮಾಡಿಸಿಕೊಂಡು ಬಚಾವಾದರು, ಇನ್ನು 2029ಕ್ಕೆ. ಹೋಗುವ ಮೊದಲು ಪರಿವಾಹನ್ ವೆಬ್‌ಸೈಟಿನಲ್ಲಿ ಈಗಿನ ಶುಲ್ಕ ನೋಡಿಕೊಳ್ಳಿ. ಅವಧಿ ಮುಗಿದ ಮೇಲೆ ಸುಮ್ನೆ ಬಿಟ್ಟರೆ ಕಾರಿಗೆ ತಿಂಗಳಿಗೆ 500ರಂತೆ ದಂಡ ಏರುತ್ತದೆ. ಹೊಗೆ ಸರ್ಟಿಫಿಕೇಟು, ಇನ್ಶೂರೆನ್ಸ್, ಹೊಸ ನಮೂನೆಯ ನಂಬರ್ ಪ್ಲೇಟು ಸರಿಯಿರಲಿ. ಲೈಟು, ವೈಪರ್, ಹಾರ್ನ್, ಹ್ಯಾಂಡ್ ಬ್ರೇಕ್ ಮನೆಯಲ್ಲೇ ಒಮ್ಮೆ ನೋಡಿಕೊಂಡು ಹೋದರೆ ಎರಡನೇ ಸಲದ ಓಡಾಟ ತಪ್ಪುತ್ತದೆ.

ಇನ್ಶೂರೆನ್ಸ್ ವಿಷಯದಲ್ಲಿ ನಾನು ಮೊದಲು ದುಡ್ಡು ಹಾಳು ಮಾಡಿದ್ದೆ. ಹತ್ತು ವರ್ಷ ದಾಟಿದ ಗಾಡಿಗೆ ಫುಲ್ ಇನ್ಶೂರೆನ್ಸ್ ಇದ್ದರೂ ಲೋಹದ ಭಾಗಕ್ಕೆ ಅರ್ಧ, ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗೆ ಅರ್ಧ ಕಡಿದೇ ಕೊಡುತ್ತಾರೆ. ಥರ್ಡ್ ಪಾರ್ಟಿ ಮಾತ್ರ ಮಾಡಿದರೆ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094, ಮೇಲೆ ಜಿಎಸ್‌ಟಿ. 1500 ಸಿಸಿವರೆಗೆ 3,416. ಮೇಲೆ ಮರ ಬಿದ್ದರೆ, ನೆರೆ ಬಂದರೆ ಇದರಲ್ಲಿ ಏನೂ ಸಿಗುವುದಿಲ್ಲ, ಅದನ್ನು ಒಪ್ಪಿಕೊಂಡೇ ಮಾಡಬೇಕು. ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸುವವರು ಯೋಚಿಸಿ.

ಬಿಡುವುದು ಅಂತ ತೀರ್ಮಾನಿಸಿದರೆ

ಮಾರುವುದಾದರೆ ಮಳೆಗಾಲ ಶುರುವಾಗುವ ಮೊದಲೇ ಮಾರಿ, ಜೂನ್‌ನಲ್ಲಿ ಕೇಳುವವರಿಲ್ಲ. ಬಣ್ಣ ಹೊಡೆಸಿ ಮಾರುವ ಆಸೆ ಬೇಡ, ಹಾಕಿದ ದುಡ್ಡು ಬರುವುದಿಲ್ಲ. ಆದರೆ ಹೆಸರು ವರ್ಗಾವಣೆಯ 29, 30ನೇ ನಮೂನೆಗೆ ಸಹಿ ಹಾಕಿ ಕೊಟ್ಟು ಮರೆತುಬಿಡಬೇಡಿ, ವರ್ಗಾವಣೆ ಆಯಿತಾ ಅಂತ ನೋಡುತ್ತಿರಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಗುಜರಿಗೂ ಅಷ್ಟೇ. ಮೈದುನ ಮೊದಲು ರಸ್ತೆ ಬದಿಯ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಡಲು ಹೊರಟಿದ್ದ, ನಾನೇ ತಡೆದೆ. ಆರ್‌ಸಿ ರದ್ದಾಗದೆ ಗಾಡಿ ಕೊಟ್ಟರೆ ಅದರ ಚಾಸಿ ನಂಬರ್ ಯಾವ ಗಾಡಿಗೆ ಅಂಟಿಕೊಂಡು ಎಲ್ಲಿ ಓಡಾಡುತ್ತದೋ ಯಾರು ಬಲ್ಲರು? ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಒಂದು ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಗಾಡಿ ಕೊಂಡರೆ ನೋಂದಣಿ ಶುಲ್ಕ ಇಲ್ಲ, ಸ್ವಂತ ಗಾಡಿಯ ರಸ್ತೆ ತೆರಿಗೆಯಲ್ಲಿ 25 ಶೇಕಡಾವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಮೈದುನ ಕೊನೆಗೆ ಹಾಗೇ ಮಾಡಿದ. ಟೋಯಿಂಗ್ ಗಾಡಿ ಬಂದ ದಿನ ಡ್ಯಾಶ್‌ಬೋರ್ಡಿನ ಗಣಪತಿಯನ್ನು ಮಗಳು ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ನನ್ನ ಸಲಹೆ, ಹುಬ್ಬಳ್ಳಿ ಧಾರವಾಡದ ಕಡೆ ನೋಡಿ. ಒಣ ಊರಿನಲ್ಲಿ ಓಡಿದ ಗಾಡಿಯ ಬಾಡಿ ಚೆನ್ನಾಗಿರುತ್ತದೆ. ಕಾರವಾರದವರಿಗೆ ಗೋವಾ ಹತ್ತಿರ, ರೇಟೂ ಕಡಿಮೆ ಕಾಣುತ್ತದೆ. ಆದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮತ್ತೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು, ಮೇಲಾಗಿ ಅಲ್ಲಿಯೂ ಇದೇ ಉಪ್ಪುಗಾಳಿ. ಗಾಡಿ ನೋಡುವಾಗ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ತುದಿಯಲ್ಲಿ ಕೆಸರಿನ ಕಲೆ ಇದ್ದರೆ, ಸೀಟಿನ ಹಳಿ ತುಕ್ಕು ಹಿಡಿದಿದ್ದರೆ ಅದು ನೆರೆಯಲ್ಲಿ ಈಜಿ ಬಂದ ಗಾಡಿ. ಹೊಸದು ಕೊಳ್ಳುವವರಿಗೆ 2025ರ ಸೆಪ್ಟೆಂಬರ್‌ನಿಂದ ಸಣ್ಣ ಕಾರಿನ ಜಿಎಸ್‌ಟಿ 18 ಶೇಕಡಾಕ್ಕೆ ಇಳಿದದ್ದು ಅನುಕೂಲ. ಅದರಿಂದಾಗಿ ಹಳೇ ಕಾರುಗಳ ರೇಟೂ ಇಳಿಯಬೇಕಲ್ವಾ ಅಂತ ಚೌಕಾಸಿ ಮಾಡಲು ಒಂದು ಮಾತು ಸಿಕ್ಕಿತು.

ಪೂರ್ತಿ ರಿಪೇರಿಗೂ ಮನಸ್ಸಿಲ್ಲ, ಬಿಡುವುದಕ್ಕೂ ಮನಸ್ಸಿಲ್ಲ ಅನ್ನುವವರು ಬ್ರೇಕು, ಟಯರು, ಸ್ಟೀರಿಂಗ್ ಮಾತ್ರ ಸರಿ ಮಾಡಿಸಿಕೊಂಡು ಒಂದು ವರ್ಷ ನೂಕಬಹುದು, ಆರ್‌ಸಿಯಲ್ಲಿ ಇನ್ನೂ ಅವಧಿ ಇದ್ದರೆ. ಎಸಿ, ಬಣ್ಣ, ಸೀಟ್ ಕವರಿಗೆ ಆಗ ಒಂದು ರೂಪಾಯಿಯನ್ನೂ ಹಾಕಬೇಡಿ.

ನನ್ನ ಆಲ್ಟೊ ಐದೂ ಜಾಗದಲ್ಲಿ ಟಣ್ ಅಂದಿತು. ಫುಟ್‌ಬೋರ್ಡ್ ಮಾತ್ರ ಹೋಗಿದೆ. ಮೇಸ್ತ್ರಿಗೆ ಚೀಟಿಯ ಹಿಂಬದಿ ತೋರಿಸಿದೆ, ಕನ್ನಡಕ ಏರಿಸಿ ಓದಿ "ಲೆಕ್ಕದ ಅಕ್ಕೋರ ಹತ್ರ ಮಾತಾಡುದೇ ಕಷ್ಟ" ಅಂದರು. ನಾನು ಕಲಿಸುವುದು ಕನ್ನಡ. ಟಿಂಕರಿಂಗ್ ಮೇ 20ರೊಳಗೆ ಮುಗಿಸಿಕೊಡುತ್ತಾರಂತೆ, ಬಣ್ಣ ಒಣಗಲು ಇನ್ನೆರಡು ದಿನ. ಮಳೆ ಅಲ್ಲಿಯವರೆಗೆ ಕಾದರೆ ಸಾಕು.